ಬೆಕ್ಕಿನ ಗಾಯ ಎಣಿಸಬೇಡಿ, ಉಸಿರು ಎಣಿಸಿ

ದಾವಣಗೆರೆಯ ನಮ್ಮ ಪಶು ಕ್ಲಿನಿಕ್‌ನ ಟೋಕನ್ ಚೀಟಿಯಲ್ಲಿ 'ಗಾಯದ ಗಾತ್ರ' ಅಂತ ಒಂದು ಕಾಲಂ ಇದೆ. ಅದನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹೋದ ಬೇಸಿಗೆಯ ಒಂದು ಸಂಜೆ, ಓಪಿಡಿ ತುಂಬಿತ್ತು. ನಿಟ್ಟುವಳ್ಳಿಯ ಒಬ್ಬ ಅಮ್ಮ ತರಕಾರಿ ಬುಟ್ಟಿಯಲ್ಲಿ ಬೆಕ್ಕು ತಂದಿದ್ದರು. ಬೀದಿನಾಯಿ ಕಚ್ಚಿ ಹಿಡಿದು ಜಾಡಿಸಿತ್ತಂತೆ. ಬೆನ್ನ ಮೇಲೆ ಎರಡೇ ಹಲ್ಲಿನ ಗುರುತು, ರಕ್ತವೂ ಇಲ್ಲ. 'ಸಣ್ಣ ಗಾಯ' ಅಂತ ಬರೆದು, ಲಸಿಕೆಗೆ ಬಂದ ಲ್ಯಾಬ್ರಡಾರ್ ಹಿಂದೆ ಕೂರಿಸಿದ್ದರು. "ಗಲಾಟೆ ಇಲ್ಲ ಸಾರ್, ಸುಮ್ನೆ ಕೂತಿದೆ" ಅಂದ ಅಟೆಂಡರ್. ನಾಯಿ ಕಚ್ಚಿದ ಬೆಕ್ಕು ಸುಮ್ನೆ ಕೂತಿದ್ದರೆ ನನಗೆ ಭಯ ಜಾಸ್ತಿ.

ಹೋಗಿ ನೋಡಿದರೆ ಕತ್ತು ಮುಂದೆ ಚಾಚಿ, ಬಾಯಿ ತೆರೆದು ಉಸಿರಾಡುತ್ತಿತ್ತು. ಆರಾಮಾಗಿರುವ ಬೆಕ್ಕು ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತದೆ, ಇದು 60 ದಾಟಿತ್ತು. ವಸಡು ಬಿಳಚಿಕೊಂಡಿತ್ತು, ಕಾಲು ತಣ್ಣಗಿದ್ದವು. ಶಾಕ್ ಆದ, ಅಂದರೆ ರಕ್ತದ ಓಟ ಕುಸಿದ ನಾಯಿಯ ಎದೆಬಡಿತ ಓಡುತ್ತದೆ, ಬೆಕ್ಕಿನದು ಎಷ್ಟೋ ಸಲ ಉಲ್ಟಾ, ನಿಧಾನ ಆಗಿಬಿಡುತ್ತದೆ.

"ಮೊದಲು ಎಕ್ಸ್‌ರೇ ಬಿಲ್ ಮಾಡ್ಲಾ ಸಾರ್?" ಅಂತ ಕೌಂಟರ್‌ನಿಂದ ಕೂಗಿದರು. ಬೇಡ ಅಂದೆ. ಆ ಸ್ಥಿತಿಯಲ್ಲಿ ಟೇಬಲ್‌ಗೆ ಒತ್ತಿ ಹಿಡಿದರೆ ಅಲ್ಲೇ ಜೀವ ಹೋಗಬಹುದು. ಆಕ್ಸಿಜನ್ ಬಿಟ್ಟು, ನೋವಿನ ಇಂಜೆಕ್ಷನ್ ಕೊಟ್ಟು, ಯಾರೂ ಮುಟ್ಟದೆ ನಿಂತೆವು. ಅಮ್ಮ ಬುಟ್ಟಿಯ ಹಿಡಿ ಬಿಡಲೇ ಇಲ್ಲ. ಆಮೇಲೆ ಸ್ಟೆತಸ್ಕೋಪ್ ಇಟ್ಟರೆ ಎಡಗಡೆ ಮೇಲ್ಭಾಗದಲ್ಲಿ ಉಸಿರಿನ ಸದ್ದೇ ಇಲ್ಲ. ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿರಬೇಕು ಅಂತ ಎದೆಗೆ ಸೂಜಿ ಹಾಕಿದೆ. ಸಿರಿಂಜ್ ತುಂಬ ಗಾಳಿ, ಮತ್ತೆ ಎಳೆದರೆ ಮತ್ತೆ ಗಾಳಿ. ಮೂರನೇ ಸಿರಿಂಜ್ ಹೊತ್ತಿಗೆ ಬೆಕ್ಕು ಬಾಯಿ ಮುಚ್ಚಿ ಉಸಿರಾಡಿತು.

ಸುಧಾರಿಸಿದ ಮೇಲೆ ಕೂದಲು ಬೋಳಿಸಿ ನೋಡಿದರೆ ಇನ್ನೂ ತೂತುಗಳಿದ್ದವು, ಎಕ್ಸ್‌ರೇಯಲ್ಲಿ ಪಕ್ಕೆಲುಬು ಮುರಿದಿತ್ತು. ಬೆಕ್ಕಿನ ಚರ್ಮ ಸಡಿಲ ಅಲ್ವಾ, ನಾಯಿ ಜಾಡಿಸಿದಾಗ ಹೊರಗೆ ಸಣ್ಣ ತೂತು ಬಿದ್ದು ಒಳಗೆ ಮಾಂಸವೆಲ್ಲ ಹರಿದಿರುತ್ತದೆ. ಬೆಕ್ಕಿಗೆ ಬೆಕ್ಕೇ ಕಚ್ಚಿದ್ದರೆ ಕಥೆ ಬೇರೆ: ತೂತು ಬೇಗ ಮುಚ್ಚಿ, ಕೆಲವು ದಿನ ಬಿಟ್ಟು ಕೀವು ಕಟ್ಟಿ ಜ್ವರ ಬರುತ್ತದೆ.

ಆ ಕಾಲಂ ತೆಗೆದು ಉಸಿರಿನ ಲೆಕ್ಕ ಹಾಕಿ ಅಂತ ಮ್ಯಾನೇಜ್‌ಮೆಂಟ್‌ಗೆ ಹೇಳಿದೆ. ಸಾಫ್ಟ್‌ವೇರ್‌ನಲ್ಲಿ ಆಗಲ್ಲವಂತೆ.

ಮನೆಯಲ್ಲಿ ನೋವಿಗೆ ಅಂತ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ. ಆ ಅಮ್ಮನ ಕೈಗೂ ಬೆಕ್ಕಿನ ಉಗುರು ತಾಗಿತ್ತು. ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಸಿ, ರೇಬೀಸ್ ಲಸಿಕೆಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. "ಮೊದ್ಲು ಬೆಕ್ಕು ನೋಡಿ ಡಾಕ್ಟ್ರೇ" ಅಂತ ಹೋಗಲು ಒಪ್ಪುತ್ತಿರಲಿಲ್ಲ, ಅಟೆಂಡರ್‌ನೇ ಬೈಕಲ್ಲಿ ಕೂರಿಸಿಕೊಂಡು ಹೋದ.