ಗುಡಿಸದ ಕಾಡಿನಲ್ಲಿ ಒಂದು ಭಾನುವಾರ

“ಚಪ್ಪಲಿ ಹಾಕಿಕೊಂಡು ಬಂದವರಿಗೆ ವ್ಯಾನಿನಲ್ಲಿ ಜಾಗ ಇಲ್ಲ.” ಹಿಂದಿನ ರಾತ್ರಿಯೇ ರೇಂಜರ್ ಸಾರ್ ಮೆಸೇಜ್ ಹಾಕಿದ್ದರು. ಆದರೂ ಬೆಳಿಗ್ಗೆ ಆರಕ್ಕೆ ಉಡುಪಿ ಸಿಟಿ ಬಸ್ ನಿಲ್ದಾಣದ ಹತ್ತಿರ ಒಬ್ಬರು ಹವಾಯಿ ಚಪ್ಪಲಿಯಲ್ಲೇ ಪ್ರತ್ಯಕ್ಷರಾದರು. ಸಾರ್ ಅವರ ಕಾಲು ನೋಡಿದರು, ಮುಖ ನೋಡಿದರು, ಏನೂ ಹೇಳಲಿಲ್ಲ. ಕೊನೆಗೆ ವ್ಯಾನಿನ ಡ್ರೈವರ್ ತನ್ನ ಹಳೆಯ ಶೂ ಕೊಟ್ಟು ಮಾನ ಉಳಿಸಿದ.

ನಮ್ಮದು ಹೆಸರಿಲ್ಲದ ಒಂದು ಸಣ್ಣ ಗುಂಪು. ಎರಡು ಮೂರು ತಿಂಗಳಿಗೊಮ್ಮೆ ಯಾವುದಾದರೂ ಕಾಡಿಗೋ ನೆಡುತೋಪಿಗೋ ಹೋಗುತ್ತೇವೆ. ಅದನ್ನು ಯಾರು, ಹೇಗೆ ನೋಡಿಕೊಳ್ಳುತ್ತಿದ್ದಾರೆ ಅಂತ ಕೇಳಿ, ನೋಡಿ, ಬುತ್ತಿ ಉಂಡು ವಾಪಸ್ಸು ಬರುತ್ತೇವೆ. ಅರಣ್ಯ ಇಲಾಖೆಯಿಂದ ನಿವೃತ್ತರಾದ ರೇಂಜರ್ ಸಾರ್ ನಮ್ಮ ಯಜಮಾನರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂ ಇದ್ದಾರೆ, ಅಡಿಕೆ ತೋಟದ ಶೆಟ್ರು ಇದ್ದಾರೆ, ಹಕ್ಕಿ ಹುಚ್ಚಿನ ಇಬ್ಬರು ಹುಡುಗರಿದ್ದಾರೆ. ನಾನು ಅಂಗಡಿಗಳ ಲೆಕ್ಕ ಬರೆಯುವವನು. ಹಾಗಾಗಿ ಮರಗಳ ಅಳತೆ ಬರೆದುಕೊಳ್ಳುವ ಕೆಲಸ ಯಾವಾಗಲೂ ನನ್ನ ತಲೆಗೇ ಬೀಳುತ್ತದೆ. ಫೆಬ್ರವರಿಯ ಕೊನೆಯ ಭಾನುವಾರ ನಾವು ಹೊರಟದ್ದು ಸೋಮೇಶ್ವರ ಅಭಯಾರಣ್ಯಕ್ಕೆ.

ಮಣಿಪಾಲ, ಹಿರಿಯಡ್ಕ, ಪೆರ್ಡೂರು ದಾಟಿ ಹೆಬ್ರಿ ತಲುಪುವಾಗ ಹೊಟ್ಟೆ ತಾಳ ಹಾಕುತ್ತಿತ್ತು. ಬನ್ಸು, ಚಟ್ನಿ, ಚಹಾ. ಆ ದಾರಿಯ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ, ಅರ್ಧ ಜನ ನಿದ್ದೆ ಮಾಡುತ್ತಿದ್ದರು.

ಕಾಡಿಗೆ ಹೋಗುವ ಮೊದಲು ಸಾರ್ ವ್ಯಾನನ್ನು ಒಂದು ಅಕೇಶಿಯಾ ನೆಡುತೋಪಿನ ಬದಿಗೆ ನಿಲ್ಲಿಸಿದರು. ಮುರಕಲ್ಲಿನ ಗುಡ್ಡ, ಸಾಲಾಗಿ ನಿಂತ ಮರಗಳು. ಕೆಳಗೆ ಬರೀ ಒಣ ಎಲೆ, ನಡೆದರೆ ಹಪ್ಪಳ ತುಳಿದ ಹಾಗೆ ಸದ್ದು. “ಇಂಥ ಗುಡ್ಡಗಳಲ್ಲಿ ಅಕೇಶಿಯಾ ನೆಡಿಸಿದವರಲ್ಲಿ ನಾನೂ ಒಬ್ಬ” ಅಂದರು. ನಮ್ಮ ಹಕ್ಕಿ ಹುಡುಗರು ಈ ಮರವನ್ನು ಬೈಯಲು ತಯಾರಾಗಿಯೇ ಬಂದಿದ್ದರು. ಆಸ್ಟ್ರೇಲಿಯಾದ ಮರ, ಹಕ್ಕಿ ಕೂರುವುದಿಲ್ಲ, ಎಲೆ ಕೊಳೆಯುವುದಿಲ್ಲ ಅಂತ ಶುರು ಮಾಡಿದರು. ಸಾರ್ ಪೂರ್ತಿ ಕೇಳಿಸಿಕೊಂಡರು.

“ನೀವು ಹೇಳೋದು ಸರಿ. ಆದರೆ ಆಗ ಈ ಗುಡ್ಡ ಬೋಳು ಇತ್ತು ಮಾರಾಯ್ರೆ. ಮುರಕಲ್ಲಿನ ಮೇಲೆ ಬೇರೆ ಏನು ನೆಟ್ಟರೂ ಬೇಸಿಗೆಯಲ್ಲಿ ಸತ್ತು ಹೋಗುತ್ತಿತ್ತು. ಇದು ಬದುಕಿತು. ಊರಿನವರು ಸೌದೆಗೆ ದೊಡ್ಡ ಕಾಡಿಗೆ ಹೋಗುವುದು ಕಡಿಮೆಯಾಯಿತು. ತಪ್ಪು ಎಲ್ಲಿ ಆಯ್ತು ಅಂದರೆ, ಬೋಳು ಗುಡ್ಡಕ್ಕೆ ಅಂತ ತಂದದ್ದನ್ನು ಎಲ್ಲ ಕಡೆ ನೆಟ್ಟೆವು.”

ಮೇಡಂ ಒಂದು ಎಲೆ ಕಿತ್ತು ಕೈಗೆ ಕೊಟ್ಟರು. ಕುಡುಗೋಲಿನ ಹಾಗೆ ಬಾಗಿದ, ತೊಗಲಿನಂಥ ಎಲೆ. “ಇದು ಎಲೆಯೇ ಅಲ್ಲ, ಗೊತ್ತುಂಟಾ? ತೊಟ್ಟು ಚಪ್ಪಟೆಯಾಗಿ ಎಲೆಯ ವೇಷ ಹಾಕಿದ್ದು.” ನಿಜವಾದ ಎಲೆ ಆಗಷ್ಟೇ ಮೊಳೆತ ಸಸಿಯಲ್ಲಿ ಮಾತ್ರ ಕಾಣುತ್ತದಂತೆ, ಹುಣಸೆ ಎಲೆಯ ಹಾಗೆ ಸಣ್ಣದಾಗಿ. ದಿನಾ ಕಣ್ಣೆದುರು ಇರುವ ಮರ ಇಷ್ಟು ವರ್ಷ ನನಗೆ ಟೋಪಿ ಹಾಕಿತ್ತು.

ಹಳೆಯ ಸಾಲುಗಳ ನಡುವೆ ಸ್ವಲ್ಪ ಒಳಗೆ ಹೋದಾಗ ನೇರಳೆಯ ಸಸಿಗಳು ಕಂಡವು. ಕುಂಟಾಲದ ಗಿಡ, ಒಂದೆರಡು ಹೆಬ್ಬಲಸು. ಯಾರೂ ನೆಟ್ಟದ್ದಲ್ಲ. ಹಕ್ಕಿ, ಬಾವಲಿ ತಂದು ಹಾಕಿದ ಬೀಜ. ಹಕ್ಕಿ ಕೂರುವುದಿಲ್ಲ ಅಂದಿದ್ದ ಹುಡುಗ ಸುಮ್ಮನಾದ. ಕಳೆ ಅಂತ ಇವನ್ನೆಲ್ಲ ಸವರದೆ ಬಿಟ್ಟರೆ ಅಕೇಶಿಯಾದ ನೆರಳಲ್ಲೇ ನಮ್ಮ ಮರಗಳು ಮೇಲೆ ಬರುತ್ತವೆ, ಆಮೇಲೆ ಅಕೇಶಿಯಾವನ್ನು ಸ್ವಲ್ಪ ಸ್ವಲ್ಪವೇ ತೆಗೆಯಬಹುದು ಅಂತ ಸಾರ್ ಲೆಕ್ಕ. ಒಂದೇ ಸಲ ಬೋಳಿಸಿ ‘ನಮ್ಮ ಜಾತಿ’ಯ ಸಸಿ ನೆಟ್ಟು ಫೋಟೋ ತೆಗೆಸುವವರ ಬಗ್ಗೆ ಅವರು ಹೇಳಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸೀತಾನದಿಯ ಹತ್ತಿರ ಅನುಮತಿ ಪತ್ರ ತೋರಿಸಿ ಒಳಗೆ ಕಾಲಿಟ್ಟಾಗ ಒಂಬತ್ತೂವರೆ. ಕಾಡು ಕಾಯುವ ವಾಚರಣ್ಣ ಜೊತೆಯಾದರು. ಮೊದಲ ಕೆಲಸ, ಹುಳ ಹತ್ತದ ಹಾಗೆ ಕಾಲಿಗೂ ಕೈಗೂ ಡೇಪಾ ಎಣ್ಣೆ ಹಚ್ಚಿಕೊಳ್ಳುವುದು. ಮಳೆಗಾಲದಲ್ಲಿ ಇಲ್ಲಿ ಉಂಬಳದ ಕಾಟ. ಒಣಗಾಲದಲ್ಲಿ ಉಣುಗು, ಅದು ಇನ್ನೂ ಕೆಟ್ಟದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ. ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ತುರುಕಿ ಹದಿನಾಲ್ಕು ಜನ ಸಾಲಾಗಿ ನಿಂತಾಗ ನಮ್ಮ ವೇಷ ನೋಡಿ ವಾಚರಣ್ಣನಿಗೇ ನಗು ಬಂತು.

ಸೋಮೇಶ್ವರವನ್ನು ಅಭಯಾರಣ್ಯ ಅಂತ ಘೋಷಿಸಿದ್ದು 1974ರಲ್ಲಿ. ಆಗ 88 ಚದರ ಕಿಲೋಮೀಟರ್ ಇತ್ತು, ವಿಸ್ತರಿಸಿದ ಮೇಲೆ ಈಗ 314. ಕಾರ್ಕಳದಲ್ಲಿ ಕಚೇರಿ ಇರುವ ಕುದುರೆಮುಖ ವನ್ಯಜೀವಿ ವಿಭಾಗ ಇದನ್ನು ನೋಡಿಕೊಳ್ಳುತ್ತದೆ. ಕಾಟಿ, ಕಡವೆ, ಸಿಂಗಳೀಕ, ಕಾಳಿಂಗ ಎಲ್ಲ ಉಂಟು. ನಮಗೆ ಕಾಟಿಯ ಸೆಗಣಿ ಕಂಡಿತು, ಕಾಟಿ ಕಾಣಲಿಲ್ಲ.

ಅರ್ಧ ಗಂಟೆ ನಡೆದ ಮೇಲೆ ಬೆಂಕಿ ರೇಖೆ ಸಿಕ್ಕಿತು. ಕಾಡಿನ ಅಂಚಿಗೆ ಉದ್ದಕ್ಕೆ ಅಗಲವಾಗಿ ಗುಡಿಸಿ ಸುಟ್ಟ ಪಟ್ಟಿ. ಬೆಂಕಿ ಬಂದರೆ ಇಲ್ಲಿ ತಿನ್ನಲು ಏನೂ ಸಿಗದೆ ನಿಲ್ಲಬೇಕು. ಈಗ ಎಲೆ ಊದಲು ಯಂತ್ರ ಬಂದಿದೆ, ಮೊದಲು ಹಸಿ ಸೊಪ್ಪಿನ ಬರಲೇ ಗತಿ ಅಂತ ವಾಚರಣ್ಣ ಹೇಳಿದರು. ಹೇಳುತ್ತಾ ಒಂದು ಗೆಲ್ಲು ಮುರಿದು ತೋರಿಸಿದರು. ಬಡಿಯುವುದಲ್ಲ, ಒತ್ತಿ ಎಳೆಯುವುದು. ಬಡಿದರೆ ಕಿಡಿ ಹಾರಿ ಹಿಂದೆ ಹತ್ತಿಕೊಳ್ಳುತ್ತದೆ. ಅವರ ಬಲಗೈಯ ಮೇಲೆ ಮೊಣಕೈವರೆಗೆ ಹಳೆಯ ಸುಟ್ಟ ಗುರುತು ಇತ್ತು. ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ರೇಖೆ ದಾಟಿ ಒಳಗೆ ಹೋದರೆ ಬೇರೆಯೇ ಲೋಕ. ಕಾಲು ಇಟ್ಟಲ್ಲೆಲ್ಲ ಮೆತ್ತಗೆ. ತರಗೆಲೆಯ ಮೇಲೆ ತರಗೆಲೆ, ಅದರ ಅಡಿಯಲ್ಲಿ ಕಪ್ಪಾಗಿ ಕೊಳೆತ ಇನ್ನೊಂದು ಪದರ. ಮುರಿದ ಗೆಲ್ಲು, ಅಡ್ಡ ಬಿದ್ದ ಮರ, ಅಣಬೆ. ನನ್ನ ಪಕ್ಕದಲ್ಲಿದ್ದವರು, ಅದೇ ಡ್ರೈವರ್ ಶೂನವರು, “ಇಷ್ಟು ಜನ ಸಂಬಳ ತಗೊಳ್ತಾರೆ, ಸ್ವಲ್ಪ ಕ್ಲೀನ್ ಇಡಬಾರದಾ?” ಅಂತ ಕೇಳಿಯೇ ಬಿಟ್ಟರು. ನಗಬೇಡಿ. ನನ್ನ ಮನಸ್ಸಿನಲ್ಲೂ ಅದೇ ಇತ್ತು.

ಉತ್ತರ ಸಿಕ್ಕಿದ್ದು ಧೂಪದ ಮರದ ಬುಡದಲ್ಲಿ. ದೊಡ್ಡ ಮರ, ತುದಿಯಲ್ಲಿ ಬಿಳಿ ಹೂ, ಕೆಳಗೆಲ್ಲ ಹೂವಿನ ಎಸಳು. ಎದೆಯೆತ್ತರಕ್ಕೆ ಟೇಪು ಹಿಡಿಯಬೇಕು. ನಿಮ್ಮ ಎದೆ, ನನ್ನ ಎದೆ ಅಂತ ಜಗಳ ಬೇಡ ಅಂತ ನಮ್ಮ ದೇಶದ ಅರಣ್ಯದವರು ಅದನ್ನು 1.37 ಮೀಟರ್ ಅಂತ ಗೊತ್ತು ಮಾಡಿದ್ದಾರೆ. ಇಬ್ಬರು ಎರಡು ಕಡೆಯಿಂದ ಟೇಪು ಸುತ್ತಿದರು. ನಾಲ್ಕು ಮೀಟರ್‌ಗಿಂತ ಮೇಲೆ ಬಂತು. ನಾನು ಬರೆದುಕೊಂಡೆ. ಮೇಡಂ ನೆಲದ ಎಲೆ ಸರಿಸಿ ಕೆಳಗೆ ಬೆರಳಿಟ್ಟರು. ಫೆಬ್ರವರಿಯ ಬಿಸಿಲಿನಲ್ಲೂ ಅಲ್ಲಿ ತಣ್ಣಗೆ, ತೇವ. “ಧೂಪದ ಬೀಜ ಮಳೆ ಶುರುವಾದಾಗ ಬೀಳುತ್ತದೆ. ಭತ್ತದ ಹಾಗೆ ಒಣಗಿಸಿ ಡಬ್ಬಿಯಲ್ಲಿ ಇಡಲು ಆಗುವುದಿಲ್ಲ. ಒಣಗಿದರೆ ಸತ್ತಿತು. ಬಿದ್ದ ಕೂಡಲೇ ತೇವ ಸಿಗಬೇಕು.” ಅವರು ಎಲೆಗಳನ್ನು ಮತ್ತೆ ಮೊದಲಿನಂತೆ ಮುಚ್ಚಿದರು, ಮಲಗಿದ ಮಗುವಿಗೆ ಹೊದಿಸಿದ ಹಾಗೆ.

ಇನ್ನೂ ಸ್ವಲ್ಪ ಮುಂದೆ ವಾಚರಣ್ಣ ಕೈ ಎತ್ತಿದರು. ಎಲ್ಲರೂ ಕೂತೆವು. ದೂರದಲ್ಲಿ ಒಂದು ಮುದಿ ಮರ, ತುದಿ ಮುರಿದು ಹೋಗಿದೆ, ಅರ್ಧ ಸತ್ತಿದೆ. ಕಾಂಡದಲ್ಲಿ ಒಂದು ಪೊಟರೆ. ಅದರ ಬಾಯಿ ಮಣ್ಣು ಮೆತ್ತಿದ ಹಾಗೆ ಮುಚ್ಚಿತ್ತು, ನಡುವೆ ಒಂದು ಸೀಳು ಮಾತ್ರ. ಬೈನಾಕ್ಯುಲರ್ ನನ್ನ ಸರದಿಗೆ ಬರುವಾಗ ಸೀಳಿನ ಒಳಗೆ ಹಳದಿ ಕೊಕ್ಕಿನ ತುದಿ ಅಲ್ಲಾಡಿತು. ಮಲಬಾರ್ ಬೂದು ಮಂಗಟ್ಟೆ, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ. ಹೆಣ್ಣು ತನ್ನನ್ನು ತಾನೇ ಒಳಗೆ ಹಾಕಿಕೊಂಡು, ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಂಡು ವಾರಗಟ್ಟಲೆ ಕೂರುತ್ತದೆ. ಗಂಡು ಹೊರಗಿನಿಂದ ಅನ್ನ ಹಾಕಬೇಕು. ಹತ್ತು ನಿಮಿಷದಲ್ಲಿ ಗಂಡೂ ಬಂತು. ಸೀಳಿನ ಮುಂದೆ ಆತುಕೊಂಡು, ಕುತ್ತಿಗೆ ಕುಲುಕಿ ಗಂಟಲಿನಿಂದ ಒಂದು ಹಣ್ಣು ತೆಗೆದು ಕೊಟ್ಟಿತು. ಮತ್ತೊಂದು. ಮತ್ತೊಂದು. ನಾನು ಎಣಿಸಿದೆ, ಹದಿನೇಳು. ಅಭ್ಯಾಸ ಬಿಡುವುದಿಲ್ಲ ನೋಡಿ.

ಮಂಗಟ್ಟೆಗೆ ಮರಕುಟಿಗದ ಹಾಗೆ ತೂತು ಕೊರೆಯಲು ಬರುವುದಿಲ್ಲ. ಗೆಲ್ಲು ಮುರಿದು, ಒಳಗೆ ಕೊಳೆತು, ತಾನಾಗಿ ಆದ ಪೊಟರೆಯೇ ಬೇಕು. ಅಂದರೆ ಮುದಿ ಮರವೇ ಬೇಕು. ವಾಪಸ್ಸು ಬರುವಾಗ ಸಾರ್ ತಗ್ಗಿದ ದನಿಯಲ್ಲಿ ಹೇಳಿದರು, “ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂಥ ಮರಕ್ಕೆ ಸುತ್ತಿಗೆ ಮುದ್ರೆ ಹೊಡೆಯುತ್ತಿದ್ದೆವು. ಪೊಳ್ಳು ಮರ, ಜಾಗ ದಂಡ, ತೆಗೆದರೆ ಎಳೆಯದಕ್ಕೆ ಬೆಳಕು ಬರುತ್ತೆ ಅಂತ. ಎಷ್ಟು ಬಾಗಿಲು ಒಡೆದಿದ್ದೇವೋ.”

ಮಧ್ಯಾಹ್ನ ಸೀತಾನದಿಯ ಬಂಡೆಗಳ ಮೇಲೆ ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ, ಶೆಟ್ರ ಮನೆಯ ಪುನರ್ಪುಳಿ ಶರಬತ್ತು. ಕೈ ತೊಳೆಯಲು ಹೋದ ನಾನು ಪಾಚಿಯ ಮೇಲೆ ಕಾಲಿಟ್ಟು ಸೊಂಟದವರೆಗೆ ನೀರಿಗೆ ಇಳಿದೆ. ಪೆಟ್ಟಾಗಲಿಲ್ಲ. ಜೇಬಿನಲ್ಲಿದ್ದ ಅಳತೆ ಪುಸ್ತಕ ಮಾತ್ರ ನೆನೆದು ಶಾಯಿ ಹರಡಿತು. ಧೂಪದ ಮರ 4.12 ಮೀಟರೋ 4.21 ಮೀಟರೋ ಎಂಬುದು ಈಗಲೂ ತೀರ್ಮಾನವಾಗದ ವ್ಯಾಜ್ಯ.

ಕಾಳಿಂಗದ ಮಾತು ಬಂದದ್ದು ಊಟದ ಮೇಲೆ. ಘಟ್ಟದ ಮೇಲೆ ಆಗುಂಬೆಯಲ್ಲಿ 2005ರಲ್ಲಿ ರೋಮುಲಸ್ ವಿಟೇಕರ್ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ ಮೇಲೆ ಈ ಹಾವಿನ ಬಗ್ಗೆ ನಮ್ಮ ಕಡೆ ಎಷ್ಟೋ ಹೊಸ ವಿಷಯ ಗೊತ್ತಾಗಿದೆ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವೇ ಒಂದು ಬೇರೆ ಪ್ರಭೇದ ಅಂತ ಗುರುತಿಸಿ, ವೈಜ್ಞಾನಿಕ ಹೆಸರಿನಲ್ಲೂ ನಮ್ಮ ಕನ್ನಡದ ‘ಕಾಳಿಂಗ’ವನ್ನೇ ಇಟ್ಟರು. ಎಲೆ ಒಟ್ಟುಮಾಡಿ ಗೂಡು ಕಟ್ಟುವ ಹಾವು ಅಂದರೆ ಕಾಳಿಂಗವೇ. ಕೈಯಿಲ್ಲದ ಪ್ರಾಣಿ, ಮೈಯ ಸುರುಳಿಯಿಂದಲೇ ತರಗೆಲೆ ಎಳೆದು ಎಳೆದು ರಾಶಿ ಹಾಕಿ ಒಳಗೆ ಮೊಟ್ಟೆಯಿಡುತ್ತದೆ. ವಾಚರಣ್ಣ ಒಂದು ಗೂಡು ನೋಡಿದ್ದರಂತೆ. “ಎಂತದೂ ಇಲ್ಲ ಮಾರಾಯ್ರೆ, ತೋಟದ ಗೊಬ್ಬರದ ರಾಶಿಯ ಹಾಗೆ. ಮೇಲೆ ಅದು ಸುತ್ತಿಕೊಂಡು ಕೂತಿತ್ತು. ನಾನು ಹಿಂದೆ ಹಿಂದೆಯೇ ಬಂದೆ.”

ಅಲ್ಲಿ ಶೆಟ್ರು ಬಾಯಿ ಹಾಕಿದರು. “ಎಲೆ ಎಲ್ಲ ಹಾವಿಗೆ, ಬೀಜಕ್ಕೆ ಅಂದರೆ ನಮ್ಮ ಹಟ್ಟಿಗೆ, ತೋಟಕ್ಕೆ ಎಂತ ಹಾಕುವುದು?” ಪ್ರಶ್ನೆ ಸುಳ್ಳಲ್ಲ. ಈ ಜಿಲ್ಲೆಗಳಲ್ಲಿ ಹಳೆಯ ವರ್ಗ ಜಮೀನಿಗೆ, ಅಂದರೆ ಕಂದಾಯ ಕಟ್ಟುವ ಸಾಗುವಳಿ ಜಮೀನಿಗೆ, ತಾಗಿ 100 ಗಜದೊಳಗಿನ ಸರ್ಕಾರಿ ಜಾಗ ಕುಮ್ಕಿ. ಅಲ್ಲಿನ ಸೊಪ್ಪು, ತರಗೆಲೆ, ಸೌದೆಯಿಂದಲೇ ನಮ್ಮ ಅಜ್ಜಂದಿರ ತೋಟ ನಡೆದದ್ದು. ಸಾರ್ ವಾದ ಮಾಡಲಿಲ್ಲ. ಕುಮ್ಕಿಯಲ್ಲಿ ಗುಡಿಸಿ, ಆದರೆ ಒಂದು ವರ್ಷ ಗುಡಿಸಿದ ಜಾಗವನ್ನು ಮರುವರ್ಷ ಬಿಡಿ, ಕಾಡಿನೊಳಗೆ ಬರಬೇಡಿ ಅಂದರು. “ಬಿಟ್ಟರೆ ಪಕ್ಕದ ಮನೆಯವ ಗುಡಿಸ್ತಾನೆ” ಅಂತ ಶೆಟ್ರು. ನನಗೆ ಇಬ್ಬರೂ ಸರಿ ಕಂಡರು.

ನನಗೆ ನೆನಪಾದದ್ದು ನಮ್ಮ ಕುಟುಂಬದ ನಾಗಬನ. ಚಿಕ್ಕಂದಿನಲ್ಲಿ ಅಲ್ಲಿ ಹಗಲೂ ಕತ್ತಲು, ಬಳ್ಳಿಗಳು ಮೈಮೇಲೆ ಬೀಳುತ್ತಿದ್ದವು. ಒಂದು ಎಲೆ ಕೀಳಲೂ ಹೆದರಿಕೆ. ಈಗ ಮರ ತೆಗೆದು ಕಟ್ಟೆ ಕಟ್ಟಿ, ಗ್ರಾನೈಟ್ ಹಾಸಿ, ಸುತ್ತ ಇಂಟರ್‌ಲಾಕ್ ಹಾಕಿದ್ದೇವೆ. ಚಂದಾ ಎತ್ತಿದ ಲೆಕ್ಕ ಬರೆದವನು ನಾನೇ. ತುಂಬಾ ಕ್ಲೀನ್ ಆಗಿದೆ.

ಸಂಜೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತಿದೆವು. ಸೂರ್ಯಾಸ್ತಕ್ಕೆ ಮೋಡ ಅಡ್ಡ ಬಂತು. ದಾರಿಬದಿಯಲ್ಲಿ ಮಂಗಗಳಿಗೆ ಬಿಸ್ಕೆಟ್ ಎಸೆಯುವ ಕಾರುಗಳ ಸಾಲು. ಸಿಂಗಳೀಕ ಹೀಗೆ ರಸ್ತೆಗೆ ಬರುವ ಜಾತಿಯಲ್ಲ, ಅದು ಮರದಿಂದ ಮರಕ್ಕೇ ಹೋಗಬೇಕು. ರಸ್ತೆಯ ಎರಡು ಬದಿಯ ಮರಗಳು ಮೇಲೆ ಕೈ ಕೈ ಹಿಡಿದಿರುವ ಜಾಗಗಳನ್ನು ಸಾರ್ ಇಳಿಯುವಾಗ ತೋರಿಸುತ್ತಾ ಬಂದರು. ನಾನು ಎಣಿಸಲು ಶುರು ಮಾಡಿದೆ, ನಿದ್ದೆ ಬಂತು.

ರಾತ್ರಿ ಸ್ನಾನಕ್ಕೆ ನಿಂತಾಗ ಮೊಣಕಾಲ ಹಿಂದೆ ಎಂತದೋ ಕಚ್ಚಿದ ಹಾಗಾಯಿತು. ನೀರಿಗೆ ಬಿದ್ದಾಗ ಡೇಪಾ ತೊಳೆದು ಹೋಗಿತ್ತಲ್ಲ. ಎಳ್ಳಿನಷ್ಟು ಸಣ್ಣ ಉಣುಗು. ಹೆಂಡತಿ ಚಿಮುಟದಿಂದ ಮೆಲ್ಲ ಎಳೆದು ತೆಗೆದಳು. ಸಾರ್‌ಗೆ ಫೋನ್ ಮಾಡಿದೆ. “ಹೆದರಬೇಡ. ಇವತ್ತಿನ ತಾರೀಕು ಬರೆದಿಡು. ಎರಡು ವಾರದೊಳಗೆ ಜ್ವರ ಬಂದರೆ ಸೀದಾ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ಹೇಳು” ಅಂದರು. ಫೋನ್ ಇಡುವ ಮೊದಲು, “ಅದು 4.21” ಅಂದರು.

ಒದ್ದೆ ಪುಸ್ತಕವನ್ನು ಫ್ಯಾನಿನ ಕೆಳಗೆ ಒಣಗಲು ಇಟ್ಟಿದ್ದೆ. ಧೂಪದ ಮರದ ಕೆಳಗಿನ ಸಾಲಿನಲ್ಲಿ ಬರೆದೆ: ಉಣುಗು, 1.