ಗ್ರಂಥಾಲಯದ ಮೌಲ್ಯ: ಜೇಬಿನ ಲೆಕ್ಕ ಮತ್ತು ಹೊತ್ತಿನ ಲೆಕ್ಕ

ನಮ್ಮಲ್ಲಿ ಮನೆ ಕಂದಾಯ ಕಟ್ಟಿದವರ ರಸೀದಿಯಲ್ಲಿ ಆರೋಗ್ಯ ಕರ, ಭಿಕ್ಷುಕರ ಕರಗಳ ಪಕ್ಕದಲ್ಲಿ ಗ್ರಂಥಾಲಯ ಕರ ಎಂಬ ಬಾಬ್ತೂ ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಿಂದ ಬಂದ ಈ ಕರ ಈಗ ಆಸ್ತಿ ತೆರಿಗೆಯ ಶೇಕಡಾ 6ರಷ್ಟಿದೆ. ತುಮಕೂರಿನಲ್ಲಿ ವರ್ಷಕ್ಕೆ 4,000 ರೂಪಾಯಿ ತೆರಿಗೆ ಬೀಳುವ ಮನೆಯವರು ಗ್ರಂಥಾಲಯಕ್ಕೆಂದು ಕೊಡುವುದು 240 ರೂಪಾಯಿ, ಎಂದರೆ ತಿಂಗಳಿಗೆ 20 ರೂಪಾಯಿ. ಮೂರ್ನಾಲ್ಕು ದಿನದ ದಿನಪತ್ರಿಕೆಯ ಬೆಲೆಗಿಂತ ಇದು ಹೆಚ್ಚೇನಲ್ಲ. ಆದರೂ ಕೊಟ್ಟದ್ದಕ್ಕೆ ಊರಿಗೆ ದಕ್ಕುವುದೇನು ಎಂದು ಕೇಳುವ ಹಕ್ಕು ತೆರಿಗೆದಾರರಿಗಿದೆ. ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಲೈಬ್ರರಿ ಏಕೆ ಎಂದು ಕೇಳುವವರೂ ಹೆಚ್ಚುತ್ತಿದ್ದಾರೆ. ಪದವಿ ಕಾಲೇಜಿನಲ್ಲಿ ಬಹುಕಾಲ ಅರ್ಥಶಾಸ್ತ್ರ ಪಾಠ ಮಾಡಿದ ನನಗೆ, ಈ ಪ್ರಶ್ನೆಗೆ ಜ್ಞಾನದ ದೇಗುಲ ಎಂಬಂಥ ಮಾತುಗಳಲ್ಲಿ ಉತ್ತರ ಕೊಡುವುದು ಸಾಕೆನಿಸುವುದಿಲ್ಲ. ಲೆಕ್ಕ ಕೇಳಿದವರಿಗೆ ಲೆಕ್ಕವನ್ನೇ ಕೊಡಬೇಕು. ಆದರೆ ಯಾವ ಲೆಕ್ಕ ಎಂಬುದನ್ನು ಎಚ್ಚರದಿಂದ ಆರಿಸಿಕೊಳ್ಳಬೇಕು.

ಈಗ ನಾವು ಸಾಮಾನ್ಯವಾಗಿ ಇಡುವ ಲೆಕ್ಕಗಳು ಮೂರು: ಎಷ್ಟು ಪುಸ್ತಕಗಳಿವೆ, ಎಷ್ಟು ಸದಸ್ಯರಿದ್ದಾರೆ, ಎಷ್ಟು ಪುಸ್ತಕಗಳು ಎರವಲು ಹೋದವು. ಠೇವಣಿ ಕಟ್ಟಿ ಸದಸ್ಯರಾಗಿ ಕಾದಂಬರಿ ಒಯ್ಯುವವರು ಈ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತಾರೆ. ಆದರೆ ನಮ್ಮ ಜಿಲ್ಲೆಯ ಯಾವುದೇ ಗ್ರಂಥಾಲಯಕ್ಕೆ ಬೆಳಿಗ್ಗೆ ಬಾಗಿಲು ತೆಗೆದ ಹೊತ್ತಿಗೆ ಹೋಗಿ ನೋಡಿದರೆ ಅಲ್ಲಿ ಕಾಣುವವರು ಬೇರೆ. ಇಳಿಜಾರು ಮೇಜಿನ ಮೇಲೆ ಹರಡಿದ ದಿನಪತ್ರಿಕೆಯ ಹಾಳೆಗಳನ್ನು ನಾಲ್ಕು ಜನ ಹಂಚಿಕೊಂಡು, ಒಬ್ಬರು ಮುಖಪುಟ, ಇನ್ನೊಬ್ಬರು ಕ್ರೀಡಾಪುಟ ಎಂದು ನಿಂತೇ ಓದುತ್ತಿರುತ್ತಾರೆ. ಒಳಗಿನ ಕೋಣೆಯಲ್ಲಿ ಎಫ್‌ಡಿಎ, ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತಮ್ಮದೇ ಪುಸ್ತಕ, ತಮ್ಮದೇ ನೀರಿನ ಬಾಟಲಿ, ಮಧ್ಯಾಹ್ನದ ಬುತ್ತಿ ತಂದುಕೊಂಡು ಫ್ಯಾನಿನ ಕೆಳಗಿನ ಜಾಗ ಹಿಡಿದಿರುತ್ತಾರೆ. ಇವರಲ್ಲಿ ಹೆಚ್ಚಿನವರು ಎರವಲು ಪುಸ್ತಕವನ್ನು ಮುಟ್ಟುವುದೇ ಇಲ್ಲ. ಬಾಗಿಲ ಬಳಿಯ ಹಾಜರಿ ಪುಸ್ತಕಕ್ಕೆ ಸಹಿ ಮಾಡುವವರೂ ಕೆಲವರೇ. ಪತ್ರಿಕೆಯಲ್ಲಿ ಕಣ್ಣಾಡಿಸಿ ಹೋಗುವವರಿಗೆ ಅದರ ಅಗತ್ಯವೇ ತೋರುವುದಿಲ್ಲ. ಹೀಗಾಗಿ ಗ್ರಂಥಾಲಯವನ್ನು ಅತಿ ಹೆಚ್ಚು ಬಳಸುವವರೇ ಅದರ ವರದಿಯಲ್ಲಿ ಇಲ್ಲವಾಗುತ್ತಾರೆ.

ಹೊರದೇಶಗಳಲ್ಲಿ ಈ ವಿಷಯವಾಗಿ ಗಂಭೀರವಾದ ಕೆಲಸ ನಡೆದಿದೆ. 2004ರಲ್ಲಿ ಬ್ರಿಟಿಷ್ ಲೈಬ್ರರಿ ತನ್ನ ಮೌಲ್ಯವನ್ನು ಅಳೆಸಿಕೊಂಡು, ಸರ್ಕಾರ ಕೊಡುವ ಪ್ರತಿ ಒಂದು ಪೌಂಡಿಗೆ ದೇಶದ ಆರ್ಥಿಕತೆಗೆ 4.40 ಪೌಂಡಿನಷ್ಟು ಮೌಲ್ಯ ಸೇರುತ್ತದೆ ಎಂದು ಪ್ರಕಟಿಸಿತು. ವರ್ಷದ ಒಟ್ಟು ಮೊತ್ತ 36.3 ಕೋಟಿ ಪೌಂಡ್. ಈ ಸೇವೆಗೆ ನೀವು ಎಷ್ಟು ಕೊಡಲು ಸಿದ್ಧ, ಸೇವೆಯನ್ನು ಬಿಟ್ಟುಕೊಡಬೇಕಾದರೆ ಎಷ್ಟು ಪರಿಹಾರ ಬೇಕು, ಇದಿಲ್ಲದಿದ್ದರೆ ಬೇರೆಡೆ ಎಷ್ಟು ಖರ್ಚಾಗುತ್ತಿತ್ತು, ಇಲ್ಲಿಗೆ ಬರಲು ಎಷ್ಟು ಸಮಯ ಮತ್ತು ಹಣ ಹಾಕುತ್ತೀರಿ ಎಂದು ಜನರನ್ನು ಕೇಳಿ ಈ ಮೊತ್ತಕ್ಕೆ ಬಂದರು. ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲದ ವಸ್ತುವಿಗೆ ಜನರನ್ನು ಕೇಳಿ ಬೆಲೆ ಕಟ್ಟುವ ಈ ವಿಧಾನ ಹುಟ್ಟಿದ್ದು ಪರಿಸರ ಅರ್ಥಶಾಸ್ತ್ರದಲ್ಲಿ. 1989ರಲ್ಲಿ ಅಲಾಸ್ಕಾದ ಕಡಲಿನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಎಣ್ಣೆ ಸೋರಿದಾಗ ಆದ ನಷ್ಟಕ್ಕೆ ಇದೇ ವಿಧಾನದಿಂದ ಬೆಲೆ ಕಟ್ಟಲಾಯಿತು. ಕೆನೆತ್ ಆ್ಯರೋ ಮತ್ತು ರಾಬರ್ಟ್ ಸೊಲೊ ಎಂಬ ಅರ್ಥಶಾಸ್ತ್ರಜ್ಞರ ನೇತೃತ್ವದ ಸಮಿತಿ 1993ರಲ್ಲಿ ಈ ವಿಧಾನವನ್ನು ಕಟ್ಟುನಿಟ್ಟಿನ ಷರತ್ತುಗಳೊಡನೆ ಒಪ್ಪಿತು. ಎಷ್ಟು ಕೊಡುತ್ತೀರಿ ಎಂದು ಕೇಳುವ ಬದಲು, ಇಷ್ಟು ತೆರಿಗೆ ಹೆಚ್ಚಾಗುವುದಾದರೆ ಒಪ್ಪಿ ಮತ ಹಾಕುತ್ತೀರೋ ಇಲ್ಲವೋ ಎಂದು ಕೇಳುವುದೇ ಮೇಲು ಎಂದು ಆ ಸಮಿತಿ ಹೇಳಿದ್ದು ಒಳ್ಳೆಯ ಸಲಹೆ.

ನನಗೆ ಹೆಚ್ಚು ಪ್ರಸ್ತುತವೆನಿಸುವುದು ನಾರ್ವೆಯ ಸ್ವಾನ್‌ಹಿಲ್ಡ್ ಓಬೊ ಅವರ ಅಧ್ಯಯನ. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳು ಖರ್ಚಿನ ಸುಮಾರು ನಾಲ್ಕು ಪಟ್ಟು ಪ್ರಯೋಜನ ಕೊಡುತ್ತವೆ ಎಂಬುದು ಅವರ ಅಂದಾಜು. ಆ ನಾಲ್ಕು ಪಟ್ಟಿಗಿಂತ ಮುಖ್ಯವಾದ ಇನ್ನೊಂದು ಸಂಗತಿ ಅದರಲ್ಲಿದೆ. ಗ್ರಂಥಾಲಯ ಉಳಿಸಿಕೊಳ್ಳಲು ಎಷ್ಟು ಕೊಡುತ್ತೀರಿ ಎಂದು ಕೇಳಿದಾಗ ಬಂದ ಮೊತ್ತಕ್ಕೂ, ಅದನ್ನು ಮುಚ್ಚಿದರೆ ಎಷ್ಟು ಪರಿಹಾರ ಬೇಕು ಎಂದಾಗ ಬಂದ ಮೊತ್ತಕ್ಕೂ ಭಾರಿ ಅಂತರವಿತ್ತು. ಜೊತೆಗೆ ಅಲ್ಲಿನ ಬಹುಪಾಲು ಜನ ಊರಿನ ಗ್ರಂಥಾಲಯ ತಮ್ಮ ಹಕ್ಕು ಎಂದೇ ತಿಳಿದಿದ್ದರು. ತಮ್ಮದೇ ಎಂದು ತಿಳಿದ ವಸ್ತುವಿಗೆ ಎಷ್ಟು ಕೊಟ್ಟು ಕೊಳ್ಳುತ್ತೀರಿ ಎಂದು ಕೇಳುವುದು ಅಸಂಗತ. ಎಷ್ಟು ಕೊಟ್ಟರೆ ಬಿಡುತ್ತೀರಿ ಎಂಬುದೇ ಅಲ್ಲಿ ಸರಿಯಾದ ಪ್ರಶ್ನೆ. ಗ್ರಂಥಾಲಯಕ್ಕೆ ತಾವು ಎಂದೂ ಕಾಲಿಡದಿದ್ದರೂ ಅದು ಇರಲಿ, ಮಕ್ಕಳಿಗಾದರೂ ಬೇಕಾದೀತು, ಊರಿನ ಬೇರೆಯವರಿಗಾದರೂ ಆದೀತು ಎಂದು ಬೆಲೆ ಕೊಟ್ಟವರೂ ಅಲ್ಲಿದ್ದರು. ಕಂದಾಯ ಕಟ್ಟಿಯೂ ಲೈಬ್ರರಿಯ ಬಾಗಿಲು ನೋಡದ ನಮ್ಮ ಊರಿನ ಎಷ್ಟೋ ಮನೆಗಳನ್ನು ಇದೇ ಪ್ರಶ್ನೆ ಕೇಳಿ ನೋಡಬೇಕು.

ಇಷ್ಟಾದರೂ ಈ ವಿಧಾನವನ್ನು ಹಾಗೆಯೇ ತಂದು ಪಾವಗಡದಲ್ಲೋ ಶಿರಾದಲ್ಲೋ ಬಳಸಿದರೆ ತಪ್ಪು ಉತ್ತರ ಬರುತ್ತದೆ. ಎಷ್ಟು ಕೊಡುತ್ತೀರಿ ಎಂಬ ಪ್ರಶ್ನೆಗೆ ಬರುವ ಉತ್ತರದಲ್ಲಿ ಆಸೆಯ ಜೊತೆಗೆ ಜೇಬಿನ ತೂಕವೂ ಸೇರಿರುತ್ತದೆ. ನಿವೃತ್ತ ಅಧಿಕಾರಿಯೊಬ್ಬರು ತಿಂಗಳಿಗೆ 300 ರೂಪಾಯಿ ಎಂದರೆ, ಹಳ್ಳಿಯಿಂದ ಬಸ್ಸು ಹಿಡಿದು ಬರುವ, ಮನೆಯಲ್ಲಿ ಓದಲು ಕೋಣೆಯೇ ಇಲ್ಲದ ಹುಡುಗಿ 20 ರೂಪಾಯಿ ಎಂದಾಳು. ಈ ಎರಡು ಸಂಖ್ಯೆಗಳನ್ನು ಹೋಲಿಸಿದರೆ ಗ್ರಂಥಾಲಯ ನಿವೃತ್ತರಿಗೇ ಹದಿನೈದು ಪಟ್ಟು ಹೆಚ್ಚು ಬೇಕಾಗಿದೆ ಎಂದಾಗುತ್ತದೆ. ಇದು ನಿಜವಲ್ಲವೆಂದು ಅಲ್ಲಿ ಒಂದು ದಿನ ಕುಳಿತವರಿಗೆಲ್ಲ ಗೊತ್ತು.

ಬದಲಿ ಸೇವೆಯ ಬೆಲೆ ಹಿಡಿಯುವ ದಾರಿಯೂ ಇದೆ. ಅಮೆರಿಕದ ಸೇಂಟ್ ಲೂಯಿ ನಗರದ ಗ್ರಂಥಾಲಯದಲ್ಲಿ ಗ್ಲೆನ್ ಹೋಲ್ಟ್ ಮತ್ತು ಅವರ ಸಂಗಡಿಗರು ಈ ದಾರಿಯನ್ನು ಬಳಸಿದರು. ತುಮಕೂರಿನಲ್ಲಿ ಇದು ಸುಲಭ, ಏಕೆಂದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ತಿಂಗಳ ಬಾಡಿಗೆಗೆ ಕುರ್ಚಿ ಮೇಜು ಕೊಡುವ ರೀಡಿಂಗ್ ರೂಮ್‌ಗಳು ಈಗ ಜಿಲ್ಲಾ ಕೇಂದ್ರಗಳಲ್ಲಿ ಹೊಸತೇನಲ್ಲ. ಅಲ್ಲಿ ತಿಂಗಳಿಗೆ 600 ರೂಪಾಯಿ ಎಂದಿಟ್ಟುಕೊಂಡರೆ, ಸಾರ್ವಜನಿಕ ಗ್ರಂಥಾಲಯದ ಪ್ರತಿ ಖಾಯಂ ಓದುಗರಿಗೆ ವರ್ಷಕ್ಕೆ 7,200 ರೂಪಾಯಿ ಉಳಿದಂತಾಯಿತು. ಆದರೆ ಇಲ್ಲೂ ಉಬ್ಬರವಿದೆ. ಗ್ರಂಥಾಲಯ ಇಲ್ಲದಿದ್ದರೆ ಅವರೆಲ್ಲರೂ ಬಾಡಿಗೆ ಕೊಟ್ಟು ಕೂರುತ್ತಿದ್ದರು ಎಂದು ಹೇಳಲಾಗದು. ವರ್ಷಕ್ಕೆ ಮೂವತ್ತು ಕಾದಂಬರಿ ಎರವಲು ಒಯ್ಯುವವರು ಮೂವತ್ತನ್ನೂ ಕೊಳ್ಳುತ್ತಿರಲಿಲ್ಲ. ಎರಡು ಮೂರು ಕೊಂಡು ಉಳಿದವನ್ನು ಓದದೆಯೇ ಬಿಡುತ್ತಿದ್ದರು. ಆದ್ದರಿಂದ ಎರವಲು ಹೋದ ಪುಸ್ತಕಗಳ ಮುದ್ರಿತ ಬೆಲೆಯನ್ನೆಲ್ಲ ಕೂಡಿಸಿ ಇಷ್ಟು ಕೋಟಿ ಲಾಭ ಎಂದು ಹೇಳುವುದನ್ನು ನಾನು ಒಪ್ಪಲಾರೆ. ಹಾಗೆ ಉಬ್ಬಿಸಿದ ಲೆಕ್ಕ ಒಮ್ಮೆ ಸಿಕ್ಕಿಬಿದ್ದರೆ ಸರಿಯಾದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ.

ಇನ್ನೊಂದು ಉಬ್ಬರ ನಮ್ಮಲ್ಲಿ ಬಹಳ ಪ್ರಿಯವಾದದ್ದು. ಇಲ್ಲಿ ಓದಿದ ಇಷ್ಟು ಮಂದಿಗೆ ಸರ್ಕಾರಿ ನೌಕರಿ ಸಿಕ್ಕಿದೆ, ಅವರ ಸಂಬಳವೆಲ್ಲ ಗ್ರಂಥಾಲಯದ ಕೊಡುಗೆ ಎಂಬ ಮಾತನ್ನು ಅಭಿಮಾನದಿಂದ ಹೇಳುವವರನ್ನು ಕೇಳಿದ್ದೇನೆ. ಅವರ ಸಂತೋಷ ನನ್ನದೂ ಹೌದು. ಆದರೆ ಹುದ್ದೆಗಳ ಸಂಖ್ಯೆಯನ್ನು ಅಧಿಸೂಚನೆ ನಿಗದಿ ಮಾಡಿರುತ್ತದೆ. ನಮ್ಮ ಗ್ರಂಥಾಲಯದ ಹುಡುಗ ಆಯ್ಕೆಯಾದರೆ ಇನ್ನೊಂದು ಊರಿನ ಯಾರೋ ಒಬ್ಬರು ಆಯ್ಕೆಯಾಗುವುದಿಲ್ಲ. ನಾಡಿನ ಒಟ್ಟು ಲೆಕ್ಕದಲ್ಲಿ ಒಂದು ಸಂಬಳವೂ ಹೆಚ್ಚಾಗಿಲ್ಲ. ಹೆಚ್ಚಾಗಿರುವುದು ನ್ಯಾಯ. ಕೋಚಿಂಗ್‌ಗೆ ಬೆಂಗಳೂರಿನಲ್ಲಿ ಪಿಜಿ ಹಿಡಿದು ಲಕ್ಷಗಟ್ಟಲೆ ಖರ್ಚು ಮಾಡಬಲ್ಲ ಮನೆಯ ಮಗನ ಎದುರಿಗೆ, ಮಧುಗಿರಿಯ ಹಳ್ಳಿಯೊಂದರ ಕೂಲಿಕಾರರ ಮಗಳೂ ಅದೇ ಮಾಸಪತ್ರಿಕೆ, ಅದೇ ಹಳೆಯ ಪ್ರಶ್ನೆಪತ್ರಿಕೆ, ಅಷ್ಟೇ ನಿಶ್ಶಬ್ದ ಇಟ್ಟುಕೊಂಡು ಓದಲು ಸಾಧ್ಯವಾಯಿತಲ್ಲ, ಅದು ಗ್ರಂಥಾಲಯದ ಸಾಧನೆ. ಆಯ್ಕೆಯಾಗದವರಿಗೂ ಅದೇ ಅವಕಾಶ ಸಿಕ್ಕಿರುತ್ತದೆ. ಆದ್ದರಿಂದ ನೌಕರಿ ಸಿಕ್ಕವರ ಪಟ್ಟಿಗಿಂತ, ಓದಲು ಕುಳಿತವರಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಓದಲು ಜಾಗವಿಲ್ಲ, ಎಷ್ಟು ಮಂದಿ ತಮ್ಮ ಕುಟುಂಬದಲ್ಲಿ ಪದವಿ ಮೆಟ್ಟಿಲು ಹತ್ತಿದ ಮೊದಲಿಗರು ಎಂಬ ಪಟ್ಟಿ ಹೆಚ್ಚು ಸತ್ಯ ಹೇಳುತ್ತದೆ.

ಹಾಗಾದರೆ ರೂಪಾಯಿಯ ಲೆಕ್ಕವೇ ಬೇಡವೇ? ಬೇಕು, ಆದರೆ ಅದನ್ನು ಹೊತ್ತಿನಿಂದ ಆರಂಭಿಸಬೇಕು. ಓದುಗರ ಸಮಯವನ್ನು ಉಳಿಸಿ ಎಂಬುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಬಡವರಾಗಲಿ ಸಿರಿವಂತರಾಗಲಿ, ಎಲ್ಲರಿಗೂ ದಿನಕ್ಕೆ ಸಮನಾಗಿ ಸಿಕ್ಕಿರುವ ಸಂಪತ್ತು ಸಮಯವೊಂದೇ. ಒಬ್ಬರು ಗ್ರಂಥಾಲಯದಲ್ಲಿ ಎರಡು ಗಂಟೆ ಕುಳಿತರೆ, ಆ ಎರಡು ಗಂಟೆಯ ಬೇರೆಲ್ಲ ಉಪಯೋಗಗಳಿಗಿಂತ ಇದು ಮೇಲೆಂದು ಅವರೇ ತೀರ್ಮಾನಿಸಿದ್ದಾರೆ ಎಂದರ್ಥ. ಇಲ್ಲಿ ಒಂದು ತೊಡಕಿದೆ. ಮಾರುಕಟ್ಟೆಯ ಕಣ್ಣಿನಲ್ಲಿ ನಿರುದ್ಯೋಗಿಯ ಗಂಟೆಗೆ ಬೆಲೆ ಇಲ್ಲ, ವಕೀಲರ ಗಂಟೆಗೆ ಬಹಳ ಬೆಲೆ. ಅದನ್ನು ಒಪ್ಪಿದರೆ ಮತ್ತೆ ಜೇಬಿನ ಲೆಕ್ಕಕ್ಕೇ ಬಂದು ನಿಂತಂತೆ. ಆದ್ದರಿಂದ ಎಲ್ಲರ ಗಂಟೆಗೂ ಒಂದೇ ದರ ಹಿಡಿಯಬೇಕೆಂಬುದು ನನ್ನ ನಿಲುವು. ಅದಕ್ಕೆ ಉದ್ಯೋಗ ಖಾತರಿಯ ಕೂಲಿಯನ್ನೇ ಆಧಾರವಾಗಿಟ್ಟುಕೊಳ್ಳಬಹುದು. 2024–25ರಲ್ಲಿ ಕರ್ನಾಟಕದಲ್ಲಿ ಅದು ದಿನಕ್ಕೆ 349 ರೂಪಾಯಿ ಇತ್ತು. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 44 ರೂಪಾಯಿ. ಸಂಬಳವಿಲ್ಲದ ಹೊತ್ತನ್ನು ಕೂಲಿಯ ಅರ್ಧಕ್ಕೆ ಮೀರದಂತೆ ಹಿಡಿಯುವ ರೂಢಿ ಸಾರಿಗೆ ಅರ್ಥಶಾಸ್ತ್ರದಲ್ಲಿದೆ. ಅದನ್ನೇ ಅನುಸರಿಸಿದರೆ 22 ರೂಪಾಯಿ. ಒಂದು ಗ್ರಂಥಾಲಯಕ್ಕೆ ದಿನಕ್ಕೆ 200 ಜನ ಬಂದು ತಲಾ ಎರಡು ಗಂಟೆ ಕೂರುತ್ತಾರೆ ಎಂದು ಭಾವಿಸೋಣ. ದಿನಕ್ಕೆ 8,800 ರೂಪಾಯಿ, ರಜೆ ಕಳೆದು ವರ್ಷಕ್ಕೆ 300 ದಿನವೆಂದರೆ 26 ಲಕ್ಷದ 40 ಸಾವಿರ ರೂಪಾಯಿ. ಇದು ಓದುಗರು ತಾವಾಗಿಯೇ ಹೂಡಿದ ಬಂಡವಾಳ. ಅವರಿಗೆ ದಕ್ಕುವ ಪ್ರಯೋಜನ ಇದಕ್ಕಿಂತ ಕಡಿಮೆ ಇರಲಾರದು, ಇದ್ದಿದ್ದರೆ ಅವರು ನಾಳೆ ಬರುತ್ತಿರಲಿಲ್ಲ. ಆ ಗ್ರಂಥಾಲಯದ ವರ್ಷದ ಖರ್ಚನ್ನು ಈ ಮೊತ್ತದ ಪಕ್ಕದಲ್ಲಿಟ್ಟು ನೋಡಬೇಕು.

ಹಳ್ಳಿಗಳಲ್ಲಿ ಲೆಕ್ಕ ಇನ್ನಷ್ಟು ಬೇರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿವೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ತೆಂಗು, ಕೊಬ್ಬರಿಯ ಧಾರಣೆ ನೋಡಲು ಈಗ ಯಾರೂ ಅಲ್ಲಿಗೆ ಹೋಗಬೇಕಿಲ್ಲ, ಫೋನಿನಲ್ಲೇ ಬರುತ್ತದೆ. ಅಷ್ಟರಮಟ್ಟಿಗೆ ಅದರ ಹಳೆಯ ಬೆಲೆ ಇಳಿದಿರುವುದನ್ನು ಒಪ್ಪಬೇಕು. ಆದರೆ ಜಾತಿ, ಓಣಿ, ಪಕ್ಷ ನೋಡಿ ಯಾರು ಯಾವ ಜಗಲಿಯ ಮೇಲೆ ಕೂರಬೇಕೆಂಬುದು ಇನ್ನೂ ತೀರ್ಮಾನವಾಗುವ ಊರುಗಳಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಎಲ್ಲರ ಮಕ್ಕಳೂ ಒಂದೇ ಮೇಜಿಗೆ ಕೂರುವ ಕೋಣೆಗಳು ಎಷ್ಟಿವೆ? ನಾರ್ವೆಯ ರಾಗ್ನಾರ್ ಔಡುನ್ಸನ್ ಅವರು, ತಮ್ಮಂತಲ್ಲದವರು ಪರಸ್ಪರ ಕಣ್ಣಿಗೆ ಬೀಳುವ ಸಾಧಾರಣ ತಾಣಗಳು ಪ್ರಜಾಪ್ರಭುತ್ವಕ್ಕೆ ಅಗತ್ಯವೆಂದೂ ಗ್ರಂಥಾಲಯ ಅಂಥ ತಾಣವೆಂದೂ ವಾದಿಸಿದ್ದಾರೆ. ಬೇರೆ ಬೇರೆ ದೇಶಗಳಿಂದ ಬಂದು ನೆಲೆಸಿದವರನ್ನು ಮನಸ್ಸಿನಲ್ಲಿಟ್ಟು ಬರೆದ ಮಾತು ನಮ್ಮ ಹಳ್ಳಿಗೆ ಇನ್ನೂ ಹೆಚ್ಚು ಒಪ್ಪುತ್ತದೆ. ಇದನ್ನು ಅಳೆಯಲು ರೂಪಾಯಿ ಬೇಕಿಲ್ಲ. ಸಂಜೆ ಐದರ ನಂತರ ಒಳಗಿರುವ ಹೆಣ್ಣುಮಕ್ಕಳೆಷ್ಟು, ಯಾವ ಕೇರಿಯ ಮಕ್ಕಳು ಒಮ್ಮೆಯೂ ಬಂದಿಲ್ಲ, ಶೌಚಾಲಯಕ್ಕೆ ಬೀಗ ಹಾಕಿದೆಯೋ ತೆರೆದಿದೆಯೋ ಎಂದು ಎಣಿಸಿದರೆ ಸಾಕು. ಬಾರದವರ ಲೆಕ್ಕ ಇಡದ ಗ್ರಂಥಾಲಯ ತನ್ನ ಸಾಮಾಜಿಕ ಮೌಲ್ಯದ ಬಗ್ಗೆ ಏನು ಹೇಳಿದರೂ ಅದು ಅರ್ಧ ಮಾತು.

ಇದಕ್ಕೆಲ್ಲ ದೊಡ್ಡ ಸಮೀಕ್ಷೆಯಾಗಲಿ ಸಾಫ್ಟ್‌ವೇರ್ ಆಗಲಿ ಬೇಕಿಲ್ಲ. ಪರೀಕ್ಷೆಯ ಕಾಲದಲ್ಲಿ ಒಂದು ವಾರ, ಬೇಸಿಗೆ ರಜೆಯಲ್ಲಿ ಒಂದು ವಾರ, ಸುಗ್ಗಿಯಲ್ಲಿ ಒಂದು ವಾರ, ಗಂಟೆಗೊಮ್ಮೆ ಒಳಗೆ ಸುತ್ತಿ ತಲೆ ಎಣಿಸಿದರೆ ಹಾಜರಿ ಪುಸ್ತಕಕ್ಕಿಂತ ನಿಜವಾದ ಚಿತ್ರ ಸಿಗುತ್ತದೆ. ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಮಾಡಬಹುದು; ಗ್ರಂಥಪಾಲಕರ ಮೇಲೆ ಇನ್ನೊಂದು ನಮೂನೆ ತುಂಬುವ ಕೆಲಸ ಹೇರಬಾರದು. ಅದರ ಜೊತೆಗೆ ಓದುಗರಿಗೆ ಒಂದೇ ಒಂದು ಪ್ರಶ್ನೆ ಕೇಳಬೇಕು: ಈ ಗ್ರಂಥಾಲಯ ಒಂದು ತಿಂಗಳು ಮುಚ್ಚಿದರೆ ಈ ಹೊತ್ತಿಗೆ ನೀವು ಎಲ್ಲಿರುತ್ತೀರಿ? ಬಾಡಿಗೆ ಕೊಟ್ಟು ಬೇರೆಡೆ ಓದುತ್ತೇನೆ ಎಂದವರಿಗೆ ಬದಲಿ ಬೆಲೆ ಹಿಡಿಯಬಹುದು. ಮನೆಯಲ್ಲೇ ಓದುತ್ತೇನೆ ಎಂದವರಿಗೆ ಅವರು ಇಲ್ಲಿ ಕಳೆದ ಗಂಟೆಗಳ ಬೆಲೆ ಸಾಕು. ಎಲ್ಲಿಯೂ ಇಲ್ಲ, ಓದು ನಿಲ್ಲುತ್ತದೆ ಎಂದವರನ್ನು ಮಾತ್ರ ಈ ಎರಡರಲ್ಲಿ ಯಾವುದಕ್ಕೂ ಸೇರಿಸದೆ, ರೂಪಾಯಿಗೆ ಇಳಿಸದೆ, ಅವರ ಸಂಖ್ಯೆಯನ್ನು ವಾರ್ಷಿಕ ವರದಿಯ ಮೊದಲ ಸಾಲಿನಲ್ಲಿ ಬರೆಯಬೇಕು. ಮುಂದಿನ ವರ್ಷದ ಅನುದಾನ, ತೆರೆದಿಡುವ ವೇಳೆ, ಕುರ್ಚಿಗಳ ಸಂಖ್ಯೆ ಇವೆಲ್ಲವನ್ನೂ ಆ ಸಾಲು ನೋಡಿಯೇ ನಿರ್ಧರಿಸಬೇಕು.