ಅರಸನ ಪುಸ್ತಕಗಳ ಎದುರು ಯೊರುಬಾ ಕವಿತೆ

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ಹೊರಬಂದು ಯೂಸ್ಟನ್ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ಬ್ರಿಟಿಷ್ ಲೈಬ್ರರಿಯ ಕೆಂಪು ಇಟ್ಟಿಗೆಯ ಕಟ್ಟಡ ಎದುರಾಗುತ್ತದೆ. ರಾಯಲ್ ಆಫ್ರಿಕನ್ ಸೊಸೈಟಿ 2012ರಲ್ಲಿ ಆರಂಭಿಸಿದ 'ಆಫ್ರಿಕಾ ರೈಟ್ಸ್' ಸಾಹಿತ್ಯೋತ್ಸವಕ್ಕೆಂದು ಕೆಲವು ವರ್ಷಗಳ ಹಿಂದೆ ನಾನು ಅಲ್ಲಿಗೆ ಹೋಗಿದ್ದೆ. ಅಂಗಳದಲ್ಲಿ ಕೈವಾರ ಹಿಡಿದು ಬಾಗಿ ಕುಳಿತಿರುವ ನ್ಯೂಟನ್ನನ ಕಂಚಿನ ಪ್ರತಿಮೆಯನ್ನು ದಾಟಿ ಒಳಹೊಕ್ಕರೆ, ಕಟ್ಟಡದ ನಡುವೆ ಆರಂತಸ್ತಿನ ಗಾಜಿನ ಗೋಪುರವಿದೆ. ಅದರೊಳಗೆ ಮೂರನೇ ಜಾರ್ಜ್ ದೊರೆ ಸಂಗ್ರಹಿಸಿದ ಪುಸ್ತಕಗಳು ತೊಗಲಿನ ರಟ್ಟು, ಚಿನ್ನದ ಅಕ್ಷರಗಳೊಂದಿಗೆ ಸಾಲುಗಟ್ಟಿ ನಿಂತಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದವನು ಇದೇ ದೊರೆ. ಅಂದು ಕಂಪನಿಯ ವಶವಾದ ಟಿಪ್ಪುವಿನ ಗ್ರಂಥಭಂಡಾರದ ಹಲವು ಹಸ್ತಪ್ರತಿಗಳು, ಅವನು ಪಾರ್ಸಿಯಲ್ಲಿ ಕೈಯಾರೆ ಬರೆದಿಟ್ಟ ಕನಸುಗಳ ಹೊತ್ತಿಗೆಯೂ ಸೇರಿದಂತೆ, ಇದೇ ಲೈಬ್ರರಿಯಲ್ಲಿವೆ. ಆ ಗೋಪುರದ ಮುಂದೆ ನಾನು ಬಹಳ ಹೊತ್ತು ನಿಂತೆ.

ಗೋಷ್ಠಿಗಳು ಬಹುಪಾಲು ಇಂಗ್ಲಿಷಿನಲ್ಲೇ ನಡೆದವು. ಪ್ರಕಾಶನ, ವಿತರಣೆಗಳ ಕುರಿತ ಚರ್ಚೆ ಉಪಯುಕ್ತವಾಗಿತ್ತು. ಆದರೆ ನನ್ನೊಳಗೆ ಇಳಿದದ್ದು ಒಂದು ಮಧ್ಯಾಹ್ನದ ಕವಿತಾವಾಚನ. ನೈಜೀರಿಯಾದ ಕವಯಿತ್ರಿಯೊಬ್ಬರು ಅನುವಾದವನ್ನು ಬದಿಗಿಟ್ಟು ಮೊದಲು ಅಲ್ಲಿನ ಯೊರುಬಾ ಭಾಷೆಯಲ್ಲೇ ಓದಿದರು. ಆಮೇಲೆ ಒಂದೇ ಪದವನ್ನು ಮೂರು ಸಲ ಉಚ್ಚರಿಸಿ ತೋರಿಸಿದರು: 'ಒಕೊ' ಎಂಬುದನ್ನು ಸಮದನಿಯಲ್ಲಿ ಹೇಳಿದರೆ ಗಂಡ, ಕೊನೆಗೆ ದನಿ ಏರಿಸಿದರೆ ಗುದ್ದಲಿ, ಇಳಿಸಿದರೆ ವಾಹನ. ದನಿಯ ಏರಿಳಿತ ತೋರಿಸುವ ಚಿಹ್ನೆಗಳಿಲ್ಲದೆ ಅಚ್ಚು ಹಾಕಿದರೆ ಮೂರೂ ಒಂದೇ ಆಗಿಬಿಡುತ್ತವೆ. ಒತ್ತಕ್ಷರಗಳನ್ನೆಲ್ಲ ಕಿತ್ತುಹಾಕಿದ ಕನ್ನಡ ಪುಟವೊಂದನ್ನು ಊಹಿಸಿಕೊಂಡಾಗ ಅವರ ಸಂಕಟ ನನಗೆ ಅರ್ಥವಾಯಿತು.

ಮಾತು ಸಹಜವಾಗಿಯೇ ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಅವರತ್ತ ಹೊರಳಿತು. ಹಳ್ಳಿಗರೊಂದಿಗೆ ಗಿಕುಯು ಭಾಷೆಯಲ್ಲಿ ನಾಟಕ ಆಡಿಸಿದ್ದಕ್ಕೆ 1977ರ ಕೊನೆಯಲ್ಲಿ ಬಂಧಿತರಾಗಿ, ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದ ಅವರು, ಶೌಚಾಲಯದ ಕಾಗದದ ಮೇಲೆ ಅದೇ ಭಾಷೆಯಲ್ಲಿ ಕಾದಂಬರಿ ಬರೆದರು. ವಸಾಹತುಶಾಹಿಯ ನಂತರದ ಸಾಹಿತ್ಯವನ್ನು ಸಂಭ್ರಮಿಸುವ ವೇದಿಕೆಗಳು ಅನುವಾದಕ್ಕೆ ಕೊಡುವಷ್ಟೇ ಸಮಯವನ್ನು ಮೂಲದ ದನಿಗೂ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮರುದಿನ ವಿಕ್ಟೋರಿಯಾ ಮಾರ್ಗದ ರೈಲು ಹಿಡಿದು ಫಿನ್ಸ್‌ಬರಿ ಪಾರ್ಕಿಗೆ ಹೋದೆ. ಟ್ರಿನಿಡಾಡಿನ ಕವಿ ಜಾನ್ ಲಾ ರೋಸ್ ಮತ್ತು ಸಾರಾ ವೈಟ್ 1966ರಲ್ಲಿ ಸ್ಥಾಪಿಸಿದ ನ್ಯೂ ಬೀಕನ್ ಪುಸ್ತಕದಂಗಡಿ ಅಲ್ಲಿದೆ. ಕಪ್ಪು ಜನರ ಮತ್ತು ಮೂರನೇ ಜಗತ್ತಿನ ಪುಸ್ತಕಗಳಿಗಾಗಿಯೇ 1982ರಿಂದ 1995ರವರೆಗೆ ನಡೆದ ಅಂತರರಾಷ್ಟ್ರೀಯ ಮೇಳದ ಹಿಂದೆಯೂ ಇದೇ ಬಳಗವಿತ್ತು. ಇಂದಿನ ಉತ್ಸವಗಳಿಗೆ ದಾರಿ ಸವೆಸಿದವರು ಅವರು. ಅಲ್ಲಿ ಎದುರುಬದುರು ಪುಟಗಳಲ್ಲಿ ಯೊರುಬಾ ಮತ್ತು ಇಂಗ್ಲಿಷ್ ಇದ್ದ ತೆಳುವಾದ ಕವನಸಂಕಲನವೊಂದು ಸಿಕ್ಕಿತು. ಹಿಂದಿರುಗುವ ರೈಲಿನಲ್ಲಿ ಎಡಪುಟಗಳ ಮೇಲೆ ಬೆರಳಾಡಿಸುತ್ತ 'ಒಕೊ'ವನ್ನು ಹುಡುಕಿದೆ. ಮೂರನೆಯ ಕವಿತೆಯಲ್ಲಿ ಅದು ಇತ್ತು, ಕೊನೆಯ ಅಕ್ಷರದ ಮೇಲೆ ಬಲಕ್ಕೆ ಏರಿದ ಒಂದು ಪುಟ್ಟ ಗೆರೆಯೊಂದಿಗೆ: ಗುದ್ದಲಿ.